ಅರವತ್ತೈದರ ನಾಲ್ಕು ಆಯತಗಳು

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಕಾಡಿನ ಅಂಚಿಗೆ, ಪುಣಜನೂರು ಎಂಬ ಗ್ರಾಮವುಂಟು. ಅಲ್ಲಿ ರೈತನೊಬ್ಬನು ಹೊಸ ಮನೆಗೆ ಪಾಯ ತೆಗೆಸುತ್ತಿದ್ದಾನೆಂದು ಭಾವಿಸೋಣ. ಗೋಡೆಗಳ ಮೂಲೆ ನೆಟ್ಟಗಿರಬೇಕು. ಅದಕ್ಕಾಗಿ ಮೇಸ್ತ್ರಿಯು ದೊಡ್ಡ ಉಪಕರಣವನ್ನೇನೂ ತರುವುದಿಲ್ಲ. ಮೂಲೆಯ ಗೂಟದಿಂದ ಒಂದು ಹುರಿಯ ಮೇಲೆ 3 ಅಡಿ, ಇನ್ನೊಂದು ಹುರಿಯ ಮೇಲೆ 4 ಅಡಿ ಅಳೆದು ಗುರುತು ಮಾಡುತ್ತಾನೆ. ಎರಡು ಗುರುತುಗಳ ನಡುವಣ ದೂರವು ಸರಿಯಾಗಿ 5 ಅಡಿ ಬರುವವರೆಗೆ ಹುರಿಯನ್ನು ಅತ್ತಿತ್ತ ಸರಿಸುತ್ತಾನೆ. ದೂರ 5 ಅಡಿಯಾದೊಡನೆ ಮೂಲೆ ಲಂಬಕೋನವಾಗುತ್ತದೆ. 3ರ ವರ್ಗ 9, 4ರ ವರ್ಗ 16, ಇವೆರಡರ ಮೊತ್ತ 25. ಅದು 5ರ ವರ್ಗ. ನೀವು ಕಲಿತಿರುವ ಪೈಥಾಗೊರಸನ ಪ್ರಮೇಯವೇ ಇಲ್ಲಿ ಕೆಲಸ ಮಾಡುತ್ತಿದೆ.

ಆದರೆ ಎಲ್ಲ ಆಯತಗಳೂ ಇಷ್ಟು ಸೌಮ್ಯವಾಗಿರುವುದಿಲ್ಲ. 2 ಅಡಿ ಅಗಲ, 3 ಅಡಿ ಉದ್ದದ ಆಯತವನ್ನು ತೆಗೆದುಕೊಂಡರೆ ಅದರ ಕರ್ಣವು 13ರ ವರ್ಗಮೂಲ. ಅದು ಪೂರ್ಣಾಂಕವೂ ಅಲ್ಲ, ಭಿನ್ನರಾಶಿಯೂ ಅಲ್ಲ. ಯಾವ ಅಳತೆಪಟ್ಟಿಯ ಮೇಲೂ ಅದಕ್ಕೆ ಸರಿಯಾದ ಗೆರೆ ದೊರೆಯದು. ಉದ್ದ, ಅಗಲ, ಕರ್ಣ ಈ ಮೂರೂ ಪೂರ್ಣಾಂಕಗಳಾಗಿರುವ ಆಯತಗಳು ಅಪರೂಪ. ಹಾಗಾದರೆ ಅಂಥವು ಎಷ್ಟಿವೆ? ಈ ಪ್ರಶ್ನೆಯನ್ನು ಕನ್ನಡ ನಾಡಿನ ಒಬ್ಬ ಗಣಿತಜ್ಞನು ಸುಮಾರು ಸಾವಿರದ ನೂರ ಎಪ್ಪತ್ತು ವರ್ಷಗಳ ಹಿಂದೆ ಕೈಗೆತ್ತಿಕೊಂಡನು.

ಅವನ ಹೆಸರು ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ ಅವನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೃಪತುಂಗನ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ‘ಕವಿರಾಜಮಾರ್ಗ’ವು ಹುಟ್ಟಿದ್ದೂ ಅದೇ ಅರಸನ ಆಸ್ಥಾನದಲ್ಲಿ. ಮಹಾವೀರನು ಜೈನ ಮತದವನು. ಗ್ರಂಥದ ಆರಂಭದಲ್ಲಿ ಜಿನನನ್ನು ವಂದಿಸಿ, ಅಮೋಘವರ್ಷನನ್ನು ಹೊಗಳಿದ್ದಾನೆ. ಅವನ ಹಿಂದಿನ ಗಣಿತಜ್ಞರು ಬಹುಮಟ್ಟಿಗೆ ಖಗೋಳಶಾಸ್ತ್ರದ ಗ್ರಂಥಗಳ ನಡುವೆ ಒಂದೆರಡು ಅಧ್ಯಾಯಗಳಾಗಿ ಗಣಿತವನ್ನು ಬರೆದರೆ, ಇವನದು ಗಣಿತಕ್ಕೇ ಮೀಸಲಾದ ಗ್ರಂಥ. ಎಂ. ರಂಗಾಚಾರ್ಯರು ಅದನ್ನು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರಿಗೆ ದೊರೆತ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. 2000ರಲ್ಲಿ ಹೊಂಬುಜದಿಂದ ಅದು ಕನ್ನಡ ಅನುವಾದದೊಡನೆ ಹೊರಬಂದಿತು.

ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಭಾಗದಲ್ಲಿ ‘ಜನ್ಯ’ ಎಂಬ ಪ್ರಕರಣವಿದೆ. ಎರಡು ಸಂಖ್ಯೆಗಳನ್ನು ತೆಗೆದುಕೊ, ಅವು ಬೀಜಗಳು. ಆ ಬೀಜಗಳಿಂದ ಒಂದು ಆಯತವು ಹುಟ್ಟುತ್ತದೆ, ಅದೇ ಜನ್ಯ. ಬೀಜಗಳ ವರ್ಗಗಳ ವ್ಯತ್ಯಾಸವು ಆಯತದ ಒಂದು ಬಾಹು. ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು. ವರ್ಗಗಳ ಮೊತ್ತವು ಕರ್ಣ. ಬೀಜಗಳು 2 ಮತ್ತು 1 ಆದರೆ ಬಾಹುಗಳು 3 ಮತ್ತು 4, ಕರ್ಣ 5. ಇದು ಮೇಸ್ತ್ರಿಯ ಆಯತ. ಬೀಜಗಳು 3 ಮತ್ತು 2 ಆದರೆ 5, 12, 13. ನೀವೇ ಬೇರೆ ಬೀಜಗಳನ್ನು ಬಿತ್ತಿ ನೋಡಬಹುದು. ಬೆಳೆ ಎಂದಿಗೂ ತಪ್ಪುವುದಿಲ್ಲ.

ಈ ಸೂತ್ರವು ಮಹಾವೀರನ ಸ್ವಂತ ಶೋಧವಲ್ಲವೆಂಬುದನ್ನು ಹೇಳಿಬಿಡಬೇಕು. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಬಲ್ಲವನಾಗಿದ್ದನು. ಅದಕ್ಕೂ ಎಷ್ಟೋ ಮೊದಲು ಗ್ರೀಸಿನ ಯೂಕ್ಲಿಡನು ಬಲ್ಲವನಾಗಿದ್ದನು. ಮಹಾವೀರನ ಹಿರಿಮೆ ಬೇರೆಡೆ ಇದೆ. ಅವನು ಪ್ರಶ್ನೆಯನ್ನು ತಿರುಗಿಸಿ ಕೇಳಿದನು. ಬೀಜ ಕೊಟ್ಟರೆ ಆಯತ ಹುಟ್ಟುವುದು ಸರಿ. ಆದರೆ ಕರ್ಣವನ್ನು ಮೊದಲೇ ಗೊತ್ತುಮಾಡಿದರೆ ಅದಕ್ಕೆ ಹೊಂದುವ ಆಯತಗಳು ಯಾವುವು? ಅವನು ತೆಗೆದುಕೊಂಡ ಕರ್ಣ 65. ಬೇರೆ ಬೇರೆ ಬೀಜಗಳ ಆಯತಗಳನ್ನು ಬರೆದಿಟ್ಟುಕೊ. ಪ್ರತಿಯೊಂದರ ಕರ್ಣದಿಂದ 65ನ್ನು ಭಾಗಿಸು. ಬಂದ ಭಾಗಲಬ್ಧದಿಂದ ಆ ಆಯತದ ಬಾಹುಗಳನ್ನು ಗುಣಿಸು. ಇದು ಅವನ ವಿಧಾನ. 3, 4, 5ರ ಆಯತವನ್ನು 13ರಿಂದ ಗುಣಿಸಿದರೆ ಬಾಹುಗಳು 39, 52. 5, 12, 13ರ ಆಯತವನ್ನು 5ರಿಂದ ಗುಣಿಸಿದರೆ 25, 60. ಬೀಜಗಳು 7 ಮತ್ತು 4 ಆದರೆ ನೇರವಾಗಿ 33, 56. 8 ಮತ್ತು 1 ಆದರೆ 63, 16. ಹೀಗೆ 65 ಕರ್ಣಕ್ಕೆ ನಾಲ್ಕು ಆಯತಗಳನ್ನು ಅವನು ಎತ್ತಿಕೊಟ್ಟನು. ಪೂರ್ಣಾಂಕಗಳಲ್ಲಿ ಐದನೆಯದು ಇಲ್ಲವೇ ಇಲ್ಲ.

ನಾಲ್ಕೇ ಏಕೆ? 65ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ 5 ಮತ್ತು 13. ಇವೆರಡೂ 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯಗಳು. ಅಂಥ ಬೇರೆ ಬೇರೆ ಅವಿಭಾಜ್ಯಗಳಿಂದಾದ ಕರ್ಣವಾದರೆ, ಒಂದೊಂದಕ್ಕೆ ಒಂದು 3ನ್ನು ಇಟ್ಟು ಗುಣಿಸಿ, 1ನ್ನು ಕಳೆದು, ಅರ್ಧ ಮಾಡಬೇಕು. 3ರ ಮೂರರಷ್ಟು 9, 1 ಕಳೆದರೆ 8, ಅರ್ಧ 4. 1105 ಎಂಬುದು 5, 13, 17ರ ಗುಣಲಬ್ಧ. ಅದಕ್ಕೆ 13 ಆಯತಗಳು. ಕರ್ಣ 7 ಆದರೆ ಒಂದೂ ಇಲ್ಲ.

ಮಹಾವೀರನ ವಿಧಾನವನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ, ಭಾಗಾಕಾರವು ಪೂರ್ಣವಾಗಿ ಹೋಗಲೇಬೇಕು ಎಂಬ ನಿಬಂಧನೆ ಇಲ್ಲ. 4 ಮತ್ತು 1 ಬೀಜಗಳಿಂದ 15, 8, 17ರ ಆಯತ ಹುಟ್ಟುತ್ತದೆ. 65ನ್ನು 17ರಿಂದ ಭಾಗಿಸಿ ಗುಣಿಸಿದರೆ ಬಾಹುಗಳು 975/17 ಮತ್ತು 520/17. ಕರ್ಣ 65ಏ ಸರಿ. ಭಿನ್ನರಾಶಿಗಳನ್ನು ಒಪ್ಪಿಕೊಂಡರೆ ಪ್ರತಿಯೊಂದು ಬೀಜದ ಜೋಡಿಯೂ 65 ಕರ್ಣದ ಆಯತವೊಂದನ್ನು ಕೊಡುತ್ತದೆ; ನಾಲ್ಕು ಹೋಗಿ ಅನಂತವಾಯಿತು! ಮುಂದಿನ ಕಥೆಯೆಲ್ಲ ಈ ಭಿನ್ನರಾಶಿಗಳದು.

ಕರ್ಣದಿಂದ ಬಾಹುಗಳನ್ನು ಭಾಗಿಸಿಬಿಟ್ಟರೆ ಎಲ್ಲ ಆಯತಗಳ ಕರ್ಣವೂ 1 ಆಗುತ್ತದೆ. ನಮ್ಮ ಪ್ರಾಚೀನರು ಬೀಜಗಣಿತದ ಅವ್ಯಕ್ತರಾಶಿಗಳನ್ನು ಯಾವತ್ತಾವತ್, ಕಾಲಕ ಎಂದು ಕರೆದು, ಯಾ, ಕಾ ಎಂಬ ಮೊದಲಕ್ಷರಗಳಿಂದ ಸೂಚಿಸುತ್ತಿದ್ದರು. ನಾವೂ ಹಾಗೆಯೇ ಬರೆಯೋಣ: ಯಾ² + ಕಾ² = 1. ನಕ್ಷೆಯ ಕಾಗದದ ಮೇಲೆ ಇದು 1 ತ್ರಿಜ್ಯದ ವೃತ್ತ. ಯಾ ಮತ್ತು ಕಾ ಎರಡೂ ಭಾಗಲಬ್ಧ ಸಂಖ್ಯೆಗಳಾಗಿರುವ ಬಿಂದುವನ್ನು ಭಾಗಲಬ್ಧ ಬಿಂದು ಎನ್ನುತ್ತಾರೆ. (3/5, 4/5) ಅಂಥದೊಂದು ಬಿಂದು. ಆಯತಗಳನ್ನು ಹುಡುಕುವುದೂ ವೃತ್ತದ ಮೇಲಿನ ಭಾಗಲಬ್ಧ ಬಿಂದುಗಳನ್ನು ಹುಡುಕುವುದೂ ಈಗ ಒಂದೇ ಕೆಲಸ.

ಬೀಜಗಳ ಸೂತ್ರವು ಎಲ್ಲಿಂದ ಬಂದಿತೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ವೃತ್ತದ ಎಡತುದಿಯ ಬಿಂದು (−1, 0). ಅದರ ಮೂಲಕ ಒಂದು ಓರೆಗೆರೆಯನ್ನು ಎಳೆಯಿರಿ. ಗೆರೆಯು ಬಲಕ್ಕೆ 1 ಅಳತೆ ಸರಿದಾಗ ಮೇಲಕ್ಕೆ ಏರುವ ಅಳತೆಯನ್ನು ತ ಎನ್ನೋಣ. ಆಗ ಗೆರೆಯ ಸಮೀಕರಣ ಕಾ = ತ(ಯಾ + 1). ಇದನ್ನು ವೃತ್ತದ ಸಮೀಕರಣದಲ್ಲಿ ಇಟ್ಟರೆ 1 − ಯಾ² = ತ²(ಯಾ + 1)² ಎಂದಾಗುತ್ತದೆ. ಎರಡು ಕಡೆಯೂ (1 + ಯಾ) ಎಂಬ ಅಪವರ್ತನವಿದೆ; ಅದನ್ನು ತೆಗೆದುಹಾಕಿದರೆ 1 − ಯಾ = ತ²(1 + ಯಾ). ಆದ್ದರಿಂದ ಯಾ = (1 − ತ²)/(1 + ತ²), ಕಾ = 2ತ/(1 + ತ²). ತ ಭಿನ್ನರಾಶಿಯಾದರೆ ಯಾ, ಕಾ ಕೂಡ ಭಿನ್ನರಾಶಿಗಳೇ. ತ ಎಂಬುದನ್ನು ಬ/ಅ ಎಂದು ಬರೆದು ನೋಡಿ: ಅಂಶಗಳು ಅ² − ಬ² ಮತ್ತು 2ಅಬ, ಛೇದ ಅ² + ಬ². ಅ ಮತ್ತು ಬ ಮಹಾವೀರನ ಬೀಜಗಳಲ್ಲದೆ ಬೇರೆಯಲ್ಲ! ಒಂದು ಬಿಂದುವಿನಲ್ಲಿ ನಿಂತು ಎಲ್ಲ ಓರೆಗಳಲ್ಲೂ ಕಣ್ಣು ಹಾಯಿಸಿದರೆ ವೃತ್ತದ ಭಾಗಲಬ್ಧ ಬಿಂದುಗಳಲ್ಲಿ ಒಂದೂ ತಪ್ಪಿಸಿಕೊಳ್ಳಲಾರದು.

ಅನಂತವಾದುದನ್ನು ಎಣಿಸುವುದು ಹೇಗೆಂದು ನೀವು ಕೇಳಬಹುದು. ಅದಕ್ಕೆ ಉಪಾಯವಿದೆ. ಭಿನ್ನರಾಶಿಗಳನ್ನು ಸಂಕ್ಷೇಪಿಸಿ, ಛೇದವು ಇಂತಿಷ್ಟನ್ನು ಮೀರಬಾರದೆಂದು ಮಿತಿ ಹಾಕಬೇಕು. ಮಿತಿಯನ್ನು ಏರಿಸುತ್ತ ಹೋದಂತೆ ಎಣಿಕೆ ಹೇಗೆ ಬೆಳೆಯುತ್ತದೆಂದು ನೋಡಬೇಕು. ಸಂಕ್ಷೇಪಿಸಿದ ಆಯತಗಳಲ್ಲಿ ಕರ್ಣ 100ನ್ನು ಮೀರದವು 16. (ಈ ಪಟ್ಟಿಯಲ್ಲಿ 65ಕ್ಕೆ ಎರಡೇ ಸ್ಥಾನ; ಉಳಿದೆರಡು ಸಂಕ್ಷೇಪಗೊಂಡು 5 ಮತ್ತು 13ರ ಮನೆಗೆ ಹೋಗುತ್ತವೆ.) 1000ದೊಳಗೆ 158, 10000ದೊಳಗೆ 1593. ಮಿತಿಯು ಹತ್ತು ಪಟ್ಟಾದರೆ ಎಣಿಕೆಯೂ ಸುಮಾರು ಹತ್ತು ಪಟ್ಟು. 100ನ್ನು ಪೈ ಎಂಬ ಸಂಖ್ಯೆಯ ಎರಡರಷ್ಟರಿಂದ, ಎಂದರೆ ಸುಮಾರು 6.2832ರಿಂದ ಭಾಗಿಸಿ: 15.9. 1000ವನ್ನು ಭಾಗಿಸಿ: 159.2. 10000ವನ್ನು ಭಾಗಿಸಿ: 1591.5. ಈ ಹೊಂದಿಕೆಯು ಆಕಸ್ಮಿಕವಲ್ಲವೆಂದು ಅಮೆರಿಕದ ಗಣಿತಜ್ಞ ಡಿ. ಎನ್. ಲೆಹ್ಮರ್ 1900ರಲ್ಲಿ ಸಾಧಿಸಿದನು. ಪೂರ್ಣಾಂಕಗಳ ಲೆಕ್ಕದೊಳಗೆ ಪೈ ಬಂದುದು ಹೇಗೆ? ಅ² + ಬ² ಒಂದು ಮಿತಿಯೊಳಗಿರಬೇಕೆಂದರೆ ಬೀಜಗಳು ಒಂದು ವೃತ್ತದೊಳಗೆ ಇರಬೇಕೆಂದೇ ಅರ್ಥ. ವೃತ್ತದ ವಿಸ್ತೀರ್ಣವಿದ್ದಲ್ಲಿ ಪೈ ಇದ್ದೇ ಇರುತ್ತದೆ. ಎಣಿಕೆಯ ಫಲದಲ್ಲಿ ಆಕೃತಿಯ ಗುರುತು ಉಳಿದಿದೆ.

ಇನ್ನು ಸಮೀಕರಣವನ್ನು ಸ್ವಲ್ಪವೇ ಬದಲಿಸೋಣ: ಯಾ⁴ + ಕಾ⁴ = 1. ಇದರ ಚಿತ್ರ ಬರೆದರೆ ಮೂಲೆಗಳು ದುಂಡಾದ ಚೌಕದಂತೆ ಕಾಣುತ್ತದೆ. ವೃತ್ತಕ್ಕೂ ಅದಕ್ಕೂ ಕಣ್ಣಿಗೆ ಹೆಚ್ಚು ಅಂತರವಿಲ್ಲ. ಆದರೆ ಇದರ ಮೇಲಿನ ಭಾಗಲಬ್ಧ ಬಿಂದುಗಳು (1, 0), (0, 1), (−1, 0), (0, −1) ಈ ನಾಲ್ಕೇ. ಛೇದದ ಮಿತಿಯನ್ನು ಕೋಟಿಗೆ ಏರಿಸಿದರೂ ಐದನೆಯದು ಸಿಕ್ಕುವುದಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನ ಫರ್ಮಾ ಇದನ್ನು ಸಾಧಿಸಿ ತೋರಿಸಿದನು. (2ಕ್ಕಿಂತ ಹೆಚ್ಚಿನ ಯಾವ ಘಾತಕ್ಕೂ ಇದು ಹೀಗೆಯೇ ಎಂಬ ಅವನ ಪ್ರಸಿದ್ಧ ಹೇಳಿಕೆಗೆ ಸಾಧನೆ ದೊರೆತು ಪ್ರಕಟವಾದುದು 1995ರಲ್ಲಿ, ಆಂಡ್ರ್ಯೂ ವೈಲ್ಸನಿಂದ.) ಹತ್ತಿರ ಹತ್ತಿರ ಒಂದೇ ರೂಪದ ಎರಡು ವಕ್ರರೇಖೆಗಳು; ಒಂದರ ಮೇಲೆ ಬಿಂದುಗಳ ಸುಗ್ಗಿ, ಇನ್ನೊಂದರ ಮೇಲೆ ಬರಗಾಲ. ಈ ಅಂತರಕ್ಕೆ ಕಾರಣ ಕಾಗದದ ಮೇಲಿನ ಚಿತ್ರದಲ್ಲಿ ಇಲ್ಲ.

ಮಹಾವೀರನು ತನ್ನ ಗ್ರಂಥದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳಿದ್ದಾನೆ. ನಮಗೆ ತಿಳಿದ ಸಂಖ್ಯೆಗಳ ಮಟ್ಟಿಗೆ ಅದು ನಿಜ. ಮುಂದಿನ ಗಣಿತಜ್ಞರು −1ಕ್ಕೂ ವರ್ಗಮೂಲವೊಂದನ್ನು ಕಲ್ಪಿಸಿ, ಸಮ್ಮಿಶ್ರ ಸಂಖ್ಯೆಗಳನ್ನು ಕಟ್ಟಿದರು. ಮೇಲಿನ ತರಗತಿಗಳಲ್ಲಿ ನೀವು ಅವನ್ನು ಕಲಿಯುವಿರಿ. ಯಾ, ಕಾ ಎಂಬವಕ್ಕೆ ಈ ಸಂಖ್ಯೆಗಳನ್ನೂ ಕೊಟ್ಟು, ಅನಂತ ದೂರದ ಬಿಂದುಗಳನ್ನೂ ಸೇರಿಸಿಕೊಂಡರೆ, ವಕ್ರರೇಖೆಯು ಗೆರೆಯಾಗಿ ಉಳಿಯದೆ ಒಂದು ಮೇಲ್ಮೈಯಾಗಿ ಅರಳುತ್ತದೆ. ವೃತ್ತವು ಹೀಗೆ ಅರಳಿದಾಗ ದೊರೆಯುವುದು ರಾಗಿಮುದ್ದೆಯಂಥ ದುಂಡು ಮೇಲ್ಮೈ; ಅದರಲ್ಲಿ ತೂತಿಲ್ಲ. ಮೂರನೆಯ ಘಾತದ ನಯವಾದ ವಕ್ರರೇಖೆಯಿಂದ ದೊರೆಯುವುದು ಉದ್ದಿನವಡೆಯಂಥ ಮೇಲ್ಮೈ. ನಡುವೆ ಒಂದು ತೂತು. ನಾಲ್ಕನೆಯ ಘಾತದ್ದಕ್ಕೆ ಮೂರು ತೂತುಗಳು. ಘಾತದಿಂದ 1ನ್ನೂ 2ನ್ನೂ ಬೇರೆ ಬೇರೆಯಾಗಿ ಕಳೆದು, ಬಂದ ಎರಡನ್ನು ಗುಣಿಸಿ ಅರ್ಧ ಮಾಡಿದರೆ ತೂತುಗಳ ಸಂಖ್ಯೆ ದೊರೆಯುತ್ತದೆ.

ಮುದ್ದೆಯನ್ನು ಒತ್ತಿ ಚಪ್ಪಟೆ ಮಾಡಬಹುದು, ಉದ್ದ ಮಾಡಬಹುದು. ಅದರ ಅಗಲ, ಎತ್ತರ ಎಲ್ಲವೂ ಬದಲಾಗುತ್ತವೆ. ಆದರೆ ಹರಿಯದೆ, ಅಂಟಿಸದೆ ಅದರಲ್ಲಿ ತೂತು ಮಾಡಲಾಗದು. ವಡೆಯ ತೂತನ್ನು ಮುಚ್ಚಲೂ ಆಗದು. ಆಕೃತಿಯು ಹೇಗೆ ಮಾರ್ಪಟ್ಟರೂ ತಾನು ಮಾರ್ಪಡದ ಇಂಥ ಗುಣವನ್ನು ಅದರ ನಿತ್ಯಲಕ್ಷಣವೆನ್ನಬಹುದು. ಭಾಗಲಬ್ಧ ಬಿಂದುಗಳ ಸಮೃದ್ಧಿ ಅಥವಾ ಬರ ಈ ತೂತುಗಳ ಸಂಖ್ಯೆಯನ್ನು ಅವಲಂಬಿಸಿದೆ ಎಂಬುದು ಇಪ್ಪತ್ತನೆಯ ಶತಮಾನದ ಗಣಿತದ ದೊಡ್ಡ ಅರಿವು.

ನಡುವಿನದಾದ ವಡೆಯ ವರ್ಗವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯವಾದುದು. 3, 4, 5ರ ಲಂಬಕೋನ ತ್ರಿಭುಜದ ವಿಸ್ತೀರ್ಣ 6. ಬಾಹುಗಳು ಭಿನ್ನರಾಶಿಗಳಾಗಿದ್ದು ವಿಸ್ತೀರ್ಣ 5 ಇರುವ ಲಂಬಕೋನ ತ್ರಿಭುಜವುಂಟೆ? ಉಂಟು: 3/2, 20/3, ವಿಕರ್ಣ 41/6. ಇಟಲಿಯ ಫಿಬೊನಾಚಿಯು 1225ರಲ್ಲಿ ಇದರ ಇನ್ನೊಂದು ರೂಪವನ್ನು ಕೊಟ್ಟಿದ್ದಾನೆ: 41/12ರ ವರ್ಗಕ್ಕೆ 5ನ್ನು ಕೂಡಿಸಿದರೂ, ಅದರಿಂದ 5ನ್ನು ಕಳೆದರೂ ವರ್ಗಸಂಖ್ಯೆಯೇ ಬರುತ್ತದೆ. ಆದರೆ ವಿಸ್ತೀರ್ಣ 1 ಇರುವ ಅಂಥ ತ್ರಿಭುಜವಿಲ್ಲವೆಂದು ಫರ್ಮಾ ಸಾಧಿಸಿದನು.

ವಿಸ್ತೀರ್ಣ 5ರ ತ್ರಿಭುಜಗಳನ್ನು ಹುಡುಕುವುದೆಂದರೆ ಕಾ² = ಯಾ³ − 25ಯಾ ಎಂಬ ವಕ್ರರೇಖೆಯ ಮೇಲೆ ಭಾಗಲಬ್ಧ ಬಿಂದುಗಳನ್ನು ಹುಡುಕುವುದು. (−4, 6) ಅದರ ಮೇಲಿನ ಒಂದು ಬಿಂದು. −64ಕ್ಕೆ 100 ಕೂಡಿಸಿದರೆ 36. ಆ ಬಿಂದುವಿನಲ್ಲಿ ವಕ್ರರೇಖೆಗೆ ಸ್ಪರ್ಶಕವನ್ನು ಎಳೆದರೆ ಅದು ಇನ್ನೊಂದೆಡೆ ರೇಖೆಯನ್ನು ಮುಟ್ಟುತ್ತದೆ; ಅಲ್ಲಿ ಯಾ = 1681/144, ಎಂದರೆ 41/12ರ ವರ್ಗ! ಫಿಬೊನಾಚಿಯ ಸಂಖ್ಯೆಯೇ ಎದುರಾಯಿತು. ಹೀಗೆ ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆಯುತ್ತ ಹೋದರೆ ಬಿಂದುಗಳಿಗೆ ಕೊನೆಯಿಲ್ಲ. ಆದರೆ ಅವು ದೊರೆಯುವ ಬಗೆಯನ್ನು ನೋಡಿ. ವಿಸ್ತೀರ್ಣ 5ರ ಮುಂದಿನ ತ್ರಿಭುಜದ ಬಾಹುಗಳು 1519/492, 4920/1519, ವಿಕರ್ಣ 3344161/747348. ಎರಡನೆಯ ಹೆಜ್ಜೆಗೇ ಏಳು ಅಂಕಿಗಳು! ವೃತ್ತದ ಮೇಲೆ ಬಿಂದುಗಳು ಹೊಲದ ಪೈರಿನಂತೆ ಒತ್ತಾಗಿದ್ದರೆ, ಇಲ್ಲಿ ಮರುಭೂಮಿಯ ಬಾವಿಗಳಂತೆ ದೂರ ದೂರ. ಎಣಿಕೆಯನ್ನು ಸುಮಾರಾಗಿ ಇಮ್ಮಡಿ ಮಾಡಬೇಕಾದರೆ ಸಂಖ್ಯೆಯ ಗಾತ್ರವನ್ನಲ್ಲ, ಅದರ ಅಂಕಿಗಳ ಉದ್ದವನ್ನೇ ನಾಲ್ಕು ಪಟ್ಟು ಮಾಡಬೇಕು. ವಿಸ್ತೀರ್ಣ 157ರ ಅತ್ಯಂತ ಸರಳವಾದ ತ್ರಿಭುಜವನ್ನು ಡಾನ್ ಜಾಗಿಯರ್ ಕಂಡುಹಿಡಿದನು. ಅದರ ವಿಕರ್ಣದ ಅಂಶವನ್ನೂ ಛೇದವನ್ನೂ ಬರೆಯಲು ತಲಾ ನಲವತ್ತಕ್ಕೂ ಹೆಚ್ಚು ಅಂಕಿಗಳು ಬೇಕು. ಸರಳವೆಂಬ ಮಾತಿಗೆ ಇಂಥ ಅರ್ಥವೂ ಇರಬಹುದೆಂದು ಯಾರು ಊಹಿಸಿದ್ದರು?

ತೂತುಗಳು ಎರಡು ಅಥವಾ ಹೆಚ್ಚಾದರೆ ಭಾಗಲಬ್ಧ ಬಿಂದುಗಳು ಅನಂತವಾಗಿರಲಾರವು, ಕೆಲವೇ ಇರಬೇಕು ಎಂದು ಲೂಯಿ ಮಾರ್ಡೆಲ್ ಎಂಬ ಗಣಿತಜ್ಞನು 1922ರಲ್ಲಿ ಊಹಿಸಿದನು. ವಡೆಯ ವರ್ಗದ ರೇಖೆಗಳಲ್ಲಿ ಎಷ್ಟೇ ಬಿಂದುಗಳಿರಲಿ, ಪರಿಮಿತವಾದ ಕೆಲವು ಬಿಂದುಗಳಿಂದ ಗೆರೆ ಎಳೆದು ಉಳಿದೆಲ್ಲವನ್ನೂ ಪಡೆಯಬಹುದೆಂಬುದನ್ನು ಅವನು ಅದೇ ವರ್ಷ ಸಾಧಿಸಿಯೇ ತೋರಿಸಿದನು. ಹೆಚ್ಚಿನ ತೂತುಗಳ ಮಾತು ಮಾತ್ರ ಊಹೆಯಾಗಿಯೇ ಅರವತ್ತೊಂದು ವರ್ಷ ನಿಂತಿತು. 1983ರಲ್ಲಿ ಜರ್ಮನಿಯ ಗರ್ಡ್ ಫಾಲ್ಟಿಂಗ್ಸ್ ಅದನ್ನು ಸಾಧಿಸಿದಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1986ರಲ್ಲಿ ಅವನಿಗೆ ಫೀಲ್ಡ್ಸ್ ಪದಕ ದೊರೆಯಿತು. ಆದರೆ ಆ ಸಾಧನೆಯಲ್ಲಿ ಒಂದು ಕೊರತೆಯುಂಟು. ಬಿಂದುಗಳು ಮುಗಿಯುತ್ತವೆ ಎಂದು ಅದು ಹೇಳುತ್ತದೆ. ಎಷ್ಟು ದೂರ ಹುಡುಕಿದ ಮೇಲೆ ಮುಗಿಯುತ್ತವೆ ಎಂದು ಹೇಳುವುದಿಲ್ಲ. ಹತ್ತು ಬಿಂದುಗಳನ್ನು ಹುಡುಕಿದವನು ಹನ್ನೊಂದನೆಯದು ಇಲ್ಲವೆಂದು ಅದೊಂದರ ಬಲದಿಂದಲೇ ಹೇಳಿ ಕೈತೊಳೆದುಕೊಳ್ಳಲಾರನು.

ಅವ್ಯಕ್ತಗಳು ಹೆಚ್ಚಾದರೆ ರೇಖೆಗಳ ಬದಲು ಮೇಲ್ಮೈಗಳು ಬರುತ್ತವೆ. ಶ್ರೀನಿವಾಸ ರಾಮಾನುಜನ್ ಮತ್ತು ಹಾರ್ಡಿಯ ಮೋಟಾರುಗಾಡಿಯ ಸಂಖ್ಯೆ 1729 ನಿಮಗೆ ಗೊತ್ತಿರಬಹುದು: 1ರ ಘನ ಮತ್ತು 12ರ ಘನಗಳ ಮೊತ್ತ ಅದು, 9ರ ಘನ ಮತ್ತು 10ರ ಘನಗಳ ಮೊತ್ತವೂ ಅದೇ. ಕಾಲಕದ ಮುಂದಿನ ಅವ್ಯಕ್ತಗಳಾದ ನೀಲಕ, ಪೀತಕಗಳನ್ನೂ ಸೇರಿಸಿಕೊಂಡರೆ ಇದು ಯಾ³ + ಕಾ³ = ನೀ³ + ಪೀ³ ಎಂಬ ಸಮೀಕರಣದ ಒಂದು ಪರಿಹಾರ, ಎಂದರೆ ಘನಮೇಲ್ಮೈಯೊಂದರ ಮೇಲಿನ ಭಾಗಲಬ್ಧ ಬಿಂದು. ಯಾ ಮತ್ತು ನೀ ಸಮ, ಕಾ ಮತ್ತು ಪೀ ಸಮ ಎಂದು ಇಟ್ಟರೆ ಎಷ್ಟೋ ಪರಿಹಾರಗಳು ಸುಮ್ಮನೆ ಸಿಕ್ಕುತ್ತವೆ. ಅವು ಮೇಲ್ಮೈಯ ಮೇಲೆ ಒಂದು ಸರಳರೇಖೆಯಾಗಿ ಮಲಗಿವೆ. ನಯವಾದ ಪ್ರತಿಯೊಂದು ಘನಮೇಲ್ಮೈಯಲ್ಲೂ, ಸಮ್ಮಿಶ್ರ ಸಂಖ್ಯೆಗಳನ್ನು ಒಪ್ಪಿದರೆ, ಇಂಥ ರೇಖೆಗಳು ಸರಿಯಾಗಿ 27 ಎಂದು ಕೇಲಿ ಮತ್ತು ಸಾಲ್ಮನ್ 1849ರಲ್ಲಿ ತೋರಿಸಿದರು. ಎಣಿಸುವಾಗ ಈ ರೇಖೆಗಳ ಮೇಲಿನ ಬಿಂದುಗಳೇ ಉಳಿದೆಲ್ಲವನ್ನೂ ಮುಳುಗಿಸಿಬಿಡುತ್ತವೆ. ಅವನ್ನು ಬದಿಗಿರಿಸಿ 1729ರಂಥ ನಿಜವಾದ ಬಿಂದುಗಳನ್ನು ಮಾತ್ರ ಎಣಿಸಿದರೆ ಎಣಿಕೆ ಹೇಗೆ ಬೆಳೆಯಬೇಕೆಂಬುದನ್ನು ರಷ್ಯದ ಯೂರಿ ಮಾನಿನ್ ಮತ್ತು ಅವನ ಸಹೋದ್ಯೋಗಿಗಳು 1990ರ ಸುಮಾರಿನಲ್ಲಿ ಊಹಿಸಿ ಹೇಳಿದರು. ಆ ಬೆಳವಣಿಗೆಯ ವೇಗವನ್ನು ಗೊತ್ತುಮಾಡುವುದು ಮೇಲ್ಮೈಯ ಇನ್ನೊಂದು ನಿತ್ಯಲಕ್ಷಣ. ಅದರ ಮೇಲೆ ಪರಸ್ಪರ ಸ್ವತಂತ್ರವಾದ ವಕ್ರರೇಖೆಗಳು ಎಷ್ಟಿವೆ ಎಂಬ ಸಂಖ್ಯೆ. ಕೆಲವು ಜಾತಿಯ ಮೇಲ್ಮೈಗಳಿಗೆ ಈ ಊಹೆ ನಿಜವೆಂದು ಸಾಧಿತವಾಗಿದೆ. ನಯವಾದ ಘನಮೇಲ್ಮೈಗಳ ವಿಷಯದಲ್ಲಿ ಅದಿನ್ನೂ ಊಹೆಯೇ. 1729 ನೆಲೆಸಿರುವ ಮೇಲ್ಮೈಯೂ ಅವುಗಳಲ್ಲೊಂದು.